ನೀರು ಚೆಲ್ಲುವವಳು

ನಮ್ಮ ನಲ್ಲಿಯನ್ನು ಕಿತ್ತ ಜಾಗದಲ್ಲಿ ಈಗ ಒಬ್ಬ ಕಂಚಿನ ಹೆಂಗಸು ನಿಂತಿದ್ದಾಳೆ. ಸೊಂಟದ ಮೇಲೆ ಕೊಡ. ಕೊಡ ವಾಲಿದೆ. ಮೊದಲ ವರ್ಷ ಅದರ ಬಾಯಿಂದ ನೀರು ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯಿಂದ ಪಂಪು ಅದನ್ನು ಮತ್ತೆ ಕೊಡಕ್ಕೆ ಏರಿಸುತ್ತಿತ್ತು. ಮತ್ತೆ ಬೀಳುತ್ತಿತ್ತು. ಇದನ್ನು ನೋಡಲು ಜನ ಬರುತ್ತಿದ್ದರು. ಕಣ್ಣು ತಂಪಾಯಿತು ಎನ್ನುತ್ತಿದ್ದರು. ಗಂಟಲಿನ ವಿಷಯ ಯಾರೂ ಎತ್ತುತ್ತಿರಲಿಲ್ಲ.

ಆ ಹೆಂಗಸು ನನ್ನ ಅತ್ತೆ.

ಎಂದರೆ, ನನ್ನ ಗಂಡನ ತಾಯಿಯನ್ನು ಎದುರಿಗೆ ನಿಲ್ಲಿಸಿಕೊಂಡು ಕಲಾವಿದರೊಬ್ಬರು ಆ ಕಂಚಿನವಳನ್ನು ಮಾಡಿದರು. ಆಗ ಚೌಕದಲ್ಲಿ ನಲ್ಲಿ ಇನ್ನೂ ಇತ್ತು. ನಮ್ಮ ಇಡೀ ಓಣಿಗೆ ಅದೊಂದೇ ನಲ್ಲಿ. ಅತ್ತೆ ಕೊಡ ತುಂಬಿ, ಮಂಡಿಯ ಮೇಲೆ ಏರಿಸಿ, ಅಲ್ಲಿಂದ ಸೊಂಟಕ್ಕೆ ಎಳೆದುಕೊಳ್ಳುವಾಗ ಕಲಾವಿದರು ನೋಡಿದರು. ನೋಡಿ ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ಅತ್ತೆಯ ಹಿಂದೆಯೇ ನಮ್ಮ ಮನೆಗೆ ಬಂದರು. ಚೌಕದಲ್ಲಿ ಒಂದು ಕಾರಂಜಿ ಬರುತ್ತದೆ, ಅದಕ್ಕೆ ನಿಮ್ಮ ಮುಖ ಬೇಕು ಎಂದರು. ಅತ್ತೆ ಮುಖದ ಮಾತು ಬಿಟ್ಟು ನಲ್ಲಿಯ ಮಾತು ಕೇಳಿದರು. ನಲ್ಲಿ ಎಲ್ಲಿಗೂ ಹೋಗುವುದಿಲ್ಲ, ಓಣಿಯ ಬಾಯಲ್ಲಿರುವ ಗೋಡೆಗೆ ಹೊಸದು ಬರುತ್ತದೆ, ಹಿತ್ತಾಳೆಯದು, ಎಂದು ಕಲಾವಿದರು ಮಾತು ಕೊಟ್ಟರು.

ಅತ್ತೆ ನಿಂತರು. ನಮ್ಮ ಹಿತ್ತಲಲ್ಲಿ, ಬಿಸಿಲಲ್ಲಿ, ದಿನಗಟ್ಟಲೆ. ಕಲಾವಿದರು ನಮ್ಮ ಮನೆಯ ಒಂದೇ ಕುರ್ಚಿಯಲ್ಲಿ ಕೂತು ನಾನು ಕೊಟ್ಟ ಚಹಾ ಕುಡಿಯುತ್ತ ಚಿತ್ರ ಬರೆದರು. ಕೊಡ ತುಂಬಿರಲೇಬೇಕು ಎಂಬುದು ಅವರ ಹಟ. ಖಾಲಿ ಕೊಡ ಹಿಡಿದರೆ ಕತ್ತಿನ ನರ ಸುಳ್ಳು ಹೇಳುತ್ತದಂತೆ. ಹಾಗಾಗಿ ಅತ್ತೆಯ ನರ ನಿಜ ಹೇಳಿತು. ರಾತ್ರಿ ನಾನು ಆ ನಿಜಕ್ಕೆ ಎಣ್ಣೆ ತಿಕ್ಕುತ್ತಿದ್ದೆ. ಪೆನ್ಸಿಲು ಮುರಿದಾಗ ಮಾತ್ರ ಅತ್ತೆಗೆ ಬಿಡುವು. ದೇವರೇ, ಇವರ ಪೆನ್ಸಿಲು ಇನ್ನಷ್ಟು ಕಳಪೆಯದಾಗಿರಬಾರದಿತ್ತೇ ಎಂದು ನಾನು ಬೇಡಿಕೊಂಡದ್ದುಂಟು.

ಶಿಲ್ಪದ ಪರದೆ ಸರಿಸಿದ ದಿನ ಓಣಿಯವರೆಲ್ಲ ಹಗ್ಗದ ಆಚೆ ನಿಂತು ನೋಡಿದೆವು. ಮುಖ ಅತ್ತೆಯದೇ. ಸುಕ್ಕನ್ನು ಕೂಡ ಬಿಟ್ಟಿರಲಿಲ್ಲ. ಕತ್ತಿನಿಂದ ಕೆಳಗೆ ಮಾತ್ರ ಹದಿನೆಂಟರ ಹುಡುಗಿ.

“ಮುಖ ನಂದು,” ಎಂದರು ಅತ್ತೆ. “ಸೊಂಟ ಯಾರದ್ದೋ.”

ಪಕ್ಕದ ಮನೆಯ ಬಟನ್ ಅಕ್ಕ, ಅಂಗಿಗೆ ಗುಂಡಿ ಹೊಲಿದು ಬದುಕುವವಳು, ಅವಳಿಗೆ ಸೊಂಟದ ಚಿಂತೆ ಇರಲಿಲ್ಲ. ಅವಳ ಕಣ್ಣು ಕೊಡದ ಮೇಲಿತ್ತು.

“ಯಾವ ಮನೆ ಹೆಣ್ಣೋ ಇವಳು. ತುಂಬಿದ ಕೊಡ ಹೊತ್ತು ತಂದು ಬೀದಿಗೆ ಸುರೀತಾಳಲ್ಲ.”

ನಾನು ಹಾಗೆ ಮಾಡಿದ್ದರೆ ಅತ್ತೆ ನನ್ನನ್ನು ಮನೆಯಿಂದ ಆಚೆ ಹಾಕುತ್ತಿದ್ದರು ಎಂದೆ. ಹಾಕ್ತಿದ್ದೆ, ಎಂದರು ಅತ್ತೆ, ಕಂಚಿನ ಮೇಲಿಂದ ಕಣ್ಣು ತೆಗೆಯದೆ.

ಗೋಡೆಗೆ ನಲ್ಲಿ ಬರಲಿಲ್ಲ. ಕಾರಂಜಿ ಕಟ್ಟಿಸಿದವರನ್ನು ಕೇಳಿದಾಗ, ಗೋಡೆ ಶಿಲ್ಪದ ಹಿನ್ನೆಲೆಯಲ್ಲಿ ಬೀಳುತ್ತದೆ, ಅಲ್ಲಿ ಬಕೆಟ್ಟು ಹಿಡಿದು ಸಾಲು ನಿಂತರೆ ನೋಟ ಕೆಡುತ್ತದೆ ಎಂದರು. ಇನ್ನೊಮ್ಮೆ ಕೇಳಿದಾಗ ಎಲ್ಲವೂ ಹಂತ ಹಂತವಾಗಿ ಆಗುತ್ತದೆ ಎಂದರು. ಮೊದಲ ಹಂತದಲ್ಲಿ ನಮ್ಮ ನಲ್ಲಿಯ ಕೊಳವೆಯನ್ನು ಕಾರಂಜಿಗೆ ತಿರುಗಿಸಿದ್ದರು. ಎರಡನೆಯ ಹಂತ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ.

ನಾವು ರೈಲು ಹಳಿ ದಾಟಿ, ಗೂಡ್ಸ್ ಶೆಡ್ಡಿನ ಹಿಂದಿನ ನಲ್ಲಿಯಿಂದ ನೀರು ಹೊರತೊಡಗಿದೆವು. ತಲೆಯ ಮೇಲೊಂದು, ಸೊಂಟದ ಮೇಲೊಂದು. ತಲೆಯ ಮೇಲೆ ಕೊಡವಿದ್ದಾಗ ಕೆಳಗೆ ನೋಡಲಾಗುವುದಿಲ್ಲ. ಹಳಿಯ ಜಲ್ಲಿಕಲ್ಲನ್ನು ಪಾದವೇ ನೋಡಿಕೊಳ್ಳಬೇಕು. ರೈಲು ಬಂದರೆ ಹೊತ್ತುಕೊಂಡೇ ಕಾಯಬೇಕು. ಇಳಿಸಿದರೆ ಮತ್ತೆ ಏರಿಸಿಕೊಡುವವರು ಬೇಕು. ಬೋಗಿಗಳು ಒಂದೊಂದಾಗಿ ಹೋಗುತ್ತವೆ. ಕಿಟಕಿಯಿಂದ ಯಾರಾದರೂ ಕೈ ಬೀಸುತ್ತಾರೆ. ನಮ್ಮ ಎರಡೂ ಕೈಗೆ ಕೆಲಸವಿರುತ್ತದೆ.

ದಯೆ ಎಂಬುದೊಂದು ಇರುತ್ತದಲ್ಲ. ಶಿಲ್ಪಕ್ಕೆ ನಿಂತ ಹೆಂಗಸು ಎಂಬ ಕಾರಣಕ್ಕೆ ಅತ್ತೆಗೂ ನನಗೂ ಕಾರಂಜಿ ತಿಕ್ಕುವ ಕೆಲಸ ಕೊಟ್ಟರು. ಬೆಳಿಗ್ಗೆ ವಾಕಿಂಗಿನವರು ಬರುವ ಮೊದಲು ತೊಟ್ಟಿಗೆ ಇಳಿಯಬೇಕು. ಮಂಡಿಯವರೆಗೆ ನೀರು. ಪಾಚಿ ಉಜ್ಜಬೇಕು. ಕಂಚಿನ ಹೆಂಗಸಿನ ಪಾದವನ್ನು ಅತ್ತೆಯೇ ತಿಕ್ಕುತ್ತಿದ್ದರು. ತನ್ನ ಕಾಲು ತಾನೇ ತೊಳೆದುಕೊಂಡು ಅದಕ್ಕೆ ಕೂಲಿ ತೆಗೆದುಕೊಳ್ಳುವವಳು ಲೋಕದಲ್ಲಿ ನಾನೊಬ್ಬಳೇ ಎನ್ನುತ್ತಿದ್ದರು. ತೊಟ್ಟಿಯ ಪಕ್ಕದಲ್ಲಿ ಫಲಕ: ನೀರನ್ನು ಮುಟ್ಟಬಾರದು. ನಾವು ಆ ನೀರಲ್ಲಿ ಮಂಡಿಯುದ್ದ ನಿಂತು ಫಲಕವನ್ನೂ ಒರೆಸುತ್ತಿದ್ದೆವು.

ಮೇಲ್ವಿಚಾರಕನನ್ನು ನಾವು ಸೀಟಿ ಎನ್ನುತ್ತಿದ್ದೆವು. ಯಾವಾಗಲೂ ಬಾಯಲ್ಲಿ ಸೀಟಿ. ಅವನದೊಂದು ನಿಯಮವಿತ್ತು. ಕೆಲಸ ಮುಗಿಸಿ ಮೇಲೆ ಬಂದ ಮೇಲೆ ನಾವು ಬಟ್ಟೆಯ ಅಂಚನ್ನು ತೊಟ್ಟಿಯ ಮೇಲೆಯೇ ಹಿಂಡಬೇಕು. ನೀರು ಕಾರಂಜಿಯದು. ಒಂದು ಹನಿಯೂ ಓಣಿಗೆ ಹೋಗಬಾರದು. ಅವನ ಕಣ್ಣೆದುರು, ಬಗ್ಗಿ, ತೊಡೆಗೆ ಅಂಟಿದ ಒದ್ದೆ ಬಟ್ಟೆ ಎತ್ತಿ, ಹಿಂಡಬೇಕು. ಅವನು ನೋಡುತ್ತಿದ್ದ. ಸರಿಯಾಗಿ ಹಿಂಡಲಿಲ್ಲ ಎಂದು ಮತ್ತೊಮ್ಮೆ ಹಿಂಡಿಸುತ್ತಿದ್ದ. ಅತ್ತೆ ಹಿಂಡುವಾಗ ಅವನ ಮುಖವನ್ನೇ ನೋಡುತ್ತಿದ್ದರು. ಏನನ್ನು ಹಿಂಡುತ್ತಿದ್ದೇನೆ ಎಂದು ಅವರು ಅಂದುಕೊಂಡಿದ್ದರೋ, ನಾನು ಕೇಳಲಿಲ್ಲ.

ಇನ್ನು ಕಲ್ಲು. ನಲ್ಲಿಯ ಕೆಳಗೆ ಒಂದು ಚಪ್ಪಡಿ ಇತ್ತು. ಅದರ ನಡುವೆ ಗುಳಿ. ಯಾರೂ ಕೊರೆದದ್ದಲ್ಲ. ಅತ್ತೆಯ ಅತ್ತೆಯ ಕಾಲದಿಂದ ಕೊಡಗಳು ಕೂತು, ತಿರುಗಿ, ಎದ್ದು ಆದದ್ದು. ಕತ್ತಲಲ್ಲೂ ಕೊಡ ತಾನಾಗಿ ಅದರಲ್ಲಿ ಕೂರುತ್ತಿತ್ತು. ನಲ್ಲಿ ಕಿತ್ತ ದಿನ ಅದನ್ನು ಮಣ್ಣಿನ ಗುಡ್ಡೆಯ ಮೇಲೆ ಎಸೆದಿದ್ದರು. ನಾವು ತಂದುಕೊಳ್ಳಬೇಕು ಎನ್ನುವಷ್ಟರಲ್ಲಿ ಕಲಾವಿದರು ಅದನ್ನು ಕಂಡರು. ಮಂಡಿಯೂರಿ ಕೂತರು. ಗುಳಿಯಲ್ಲಿ ಬೆರಳಾಡಿಸಿದರು. ಅವರ ಕಣ್ಣಲ್ಲಿ ನೀರು ಬಂತು. ಆ ದಿನ ಚೌಕದಲ್ಲಿ ಬಂದದ್ದು ಅಷ್ಟೇ ನೀರು. ಆಮೇಲೆ ಆ ಚಪ್ಪಡಿ ಕಾರಂಜಿಯ ಪಕ್ಕ ಒಂದು ಮೋಟು ಪೀಠದ ಮೇಲೆ ಕೂತಿತು. ಸುತ್ತ ಕೆಂಪು ಮಖಮಲ್ಲಿನ ಹಗ್ಗ. ಮುಂದೆ ಚೀಟಿ: ‘ನೆನಪಿನ ಗುಳಿ. ಕಲ್ಲು. ಮಾಡಿದವರು: ತಿಳಿದಿಲ್ಲ.’

ಕಾರಂಜಿಗೆ ವರ್ಷ ತುಂಬಿದ ದಿನ ಸಭೆ ಇಟ್ಟರು. ಸಾರ್ವಜನಿಕ ಕಾರಂಜಿಗಳ ಸಾಂಸ್ಕೃತಿಕ ಮತ್ತು ಕಲಾತ್ಮಕ ಮಹತ್ವ ಎಂಬುದು ವಿಷಯ. ಬ್ಯಾನರು ಎಷ್ಟು ಉದ್ದವಿತ್ತೆಂದರೆ ದೀಪದ ಕಂಬಕ್ಕೆ ಸುತ್ತಿ ಹಿಂದಕ್ಕೆ ಬಂದಿತ್ತು. ನಮ್ಮ ಓಣಿಯ ಕಡೆಗೆ ‘ಮಹತ್ವ’ ಎಂಬುದೊಂದೇ ಕಾಣುತ್ತಿತ್ತು. ಕಲಾ ಮಂಡಳಿಯ ಅಧ್ಯಕ್ಷರು ಬರುವವರಿದ್ದರು. ಅವರು ಗುಂಡಿ ಒತ್ತಬೇಕು, ಕಾರಂಜಿ ಚಿಮ್ಮಬೇಕು. ಬೇಸಿಗೆ. ಕೊಳವೆಯಲ್ಲಿ ನೂಲಿನಷ್ಟು ನೀರು. ತೊಟ್ಟಿಯನ್ನು ತೊಳೆದು ಒಣಗಿಸಿ, ಟ್ಯಾಂಕರಿಗೆ ಹೇಳಿದ್ದರು. ಆದರೆ ಅಧ್ಯಕ್ಷರ ಕಾರಿಗಾಗಿ ರಸ್ತೆಗಳನ್ನೆಲ್ಲ ಮುಚ್ಚಿದ್ದರು. ಮುಚ್ಚಿದ ರಸ್ತೆಯ ಆಚೆ ಟ್ಯಾಂಕರು ನಿಂತುಬಿಟ್ಟಿತು. ಮುಚ್ಚಿಸಿದವರೂ ಇವರೇ, ಟ್ಯಾಂಕರು ಕರೆಸಿದವರೂ ಇವರೇ.

ಸೀಟಿ ಓಣಿಗೆ ಓಡಿ ಬಂದ. ಮೊದಲ ಸಲ ಅವನ ಬಾಯಲ್ಲಿ ಸೀಟಿ ಇರಲಿಲ್ಲ. ಎಲ್ಲರೂ ಕೊಡ ತಗೊಂಡು ಹೊರಡಿ, ಹಳಿ ಆಚೆಯಿಂದ ತಂದು ತೊಟ್ಟಿಗೆ ಹಾಕಿ ಎಂದ. ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೀರಿಲ್ಲದ ನಾವು ನೀರು ಹೊತ್ತು ತಂದು, ನೀರು ಹೊತ್ತಂತೆ ನಿಂತಿರುವ ಕಂಚಿನವಳ ಕೊಡ ತುಂಬಬೇಕು. ಅವಳು ಅದನ್ನು ಚೆಲ್ಲಬೇಕು. ಅದು ಸಂಸ್ಕೃತಿ.

ಅವನ ಹಿಂದೆ ಕಲಾವಿದರು ಬಂದರು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಬೆವರು.

“ಅಮ್ಮಾ, ಇದು ನಿಮ್ಮದೇ ಕಾರಂಜಿ ಅಲ್ಲವೇ?”

“ನಲ್ಲಿ?” ಎಂದರು ಅತ್ತೆ.

“ನಾಳೆಯೇ ಅಮ್ಮಾ. ನನ್ನ ಮಾತು.”

ಅವರ ಮಾತು ನಮ್ಮ ಹತ್ತಿರ ಈಗಾಗಲೇ ಒಂದಿತ್ತು, ಬಳಸದೆ ಹಾಗೇ ಇತ್ತು. ಬಟನ್ ಅಕ್ಕ ಉಗಿದಳು. ಅತ್ತೆ ಮಾತ್ರ ಕೊಡ ಎತ್ತಿಕೊಂಡರು. ನನಗೆ ಮೈ ಉರಿಯಿತು. ಹಳಿಯವರೆಗೂ ಅವರ ಬೆನ್ನಿಗೆ ಬೈಯುತ್ತಲೇ ಹೋದೆ. ಒಂದು ವರ್ಷ ಬಟ್ಟೆ ಹಿಂಡಿಸಿದವರಿಗೆ ಈಗ ನಮ್ಮ ರಟ್ಟೆಯನ್ನೂ ಹಿಂಡಿಕೊಡುತ್ತೀರಾ ಎಂದೆ. ಅತ್ತೆ ತಿರುಗಲಿಲ್ಲ. ನಡಿ, ನೀರು ಹೇಗೂ ಬೇಕಲ್ಲ, ಎಂದರು.

ಮೊದಲ ಸುತ್ತು ಸುರಿದೆವು. ತೊಟ್ಟಿಯ ತಳ ಒದ್ದೆಯಾಯಿತು, ಅಷ್ಟೇ. ಸೀಟಿ ಇನ್ನೂ ಇನ್ನೂ ಎಂದು ಕೈ ತಿರುಗಿಸಿದ. ಎರಡನೆಯ ಸುತ್ತು ಹೊತ್ತು ಬರುವಾಗ ಕಾರುಗಳು ಬಂದಿದ್ದವು. ಬೇಲಿಯ ಹತ್ತಿರ ಕಾವಲಿನವನು ಲಾಠಿ ಅಡ್ಡ ಹಿಡಿದ. ಆಮೇಲೆ ಕೊಡಗಳನ್ನು ನೋಡಿದ. ಕಾರ್ಯಕ್ರಮದವರಾ ಎಂದು ಕೇಳಿ ಬೇಲಿ ಸರಿಸಿದ. ಟ್ಯಾಂಕರಿಗೆ ತೆರೆಯದ ದಾರಿ ನಮಗೆ ತೆರೆಯಿತು.

ಹೆಂಗಸರು ಸಾಲಾಗಿ, ತಲೆಯ ಮೇಲೆ ತುಂಬಿದ ಕೊಡ, ಬೆವರಿಳಿಯುವ ಮುಖ, ಚೌಕದೊಳಗೆ ಬಂದೆವು. ವೇದಿಕೆಯ ಮೇಲೆ ಅಧ್ಯಕ್ಷರು ಎದ್ದು ನಿಂತರು. ಅವರೇ ಮೊದಲು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಎಲ್ಲರೂ ತಟ್ಟಿದರು. ಮೈಕು ಹಚ್ಚಿಯೇ ಇತ್ತು. ಅವರು ಕಲಾವಿದರ ಕಡೆ ಬಾಗಿ ಕೇಳಿದ್ದು ಚೌಕಕ್ಕೆಲ್ಲ ಕೇಳಿಸಿತು.

“ಇದು ಪಟ್ಟಿಯಲ್ಲಿ ಇರಲಿಲ್ಲವಲ್ಲ. ಯಾರ ಕಲ್ಪನೆ?”

ಕಲಾವಿದರು ನಮ್ಮನ್ನು ನೋಡಿದರು. ಅಧ್ಯಕ್ಷರನ್ನು ನೋಡಿದರು.

“ನನ್ನದೇ, ಸರ್.”

ಅದ್ಭುತ ಎಂದರು ಅಧ್ಯಕ್ಷರು. ಶಿಲ್ಪಕ್ಕೆ ನಿಂತ ತಾಯಿ ಇವರೇ ಎಂದು ತಿಳಿದಾಗಂತೂ ಅವರು ಕೈ ಮುಗಿದರು. ತಾವು ಮಾತಾಡುವಷ್ಟು ಹೊತ್ತು ಆ ತಾಯಿ ಕಂಚಿನ ಪಕ್ಕದಲ್ಲಿ ಅದೇ ಭಂಗಿಯಲ್ಲಿ ನಿಲ್ಲಲಿ, ಉಳಿದವರು ಹಿಂದೆ ಅರ್ಧ ವೃತ್ತದಲ್ಲಿ ಇರಲಿ, ಯಾರೂ ಕೊಡ ಇಳಿಸುವುದು ಬೇಡ, ಚಿತ್ರ ಒಡೆಯುತ್ತದೆ ಎಂದರು.

ನಿಂತೆವು. ಅವರು ಮಾತಾಡಿದರು. ಕಾರಂಜಿ ಎಂದರೆ ಊರು ತನ್ನ ಜೊತೆ ತಾನು ಆಡುವ ಮಾತು ಎಂದರು. ನೀರು ಎಲ್ಲರದು, ಅದನ್ನು ಬರಿದೇ ನೋಡುವುದೂ ಒಂದು ಬಗೆಯ ಕುಡಿಯುವಿಕೆ ಎಂದರು. ಬಾಯಾರಿಕೆಯಿಂದ ಸೌಂದರ್ಯದ ಕಡೆಗೆ ಮನುಷ್ಯ ನಡೆದ ದಾರಿಯೇ ನಾಗರಿಕತೆ ಎಂದರು. ನಡುನಡುವೆ ಲೋಟ ಎತ್ತಿ ನೀರು ಕುಡಿದರು. ನಾನು ಆ ಲೋಟ ನೋಡುತ್ತಿದ್ದೆ. ತಲೆಯ ಮೇಲೆ, ಕೊಡದಡಿಯ ಬಟ್ಟೆಯ ಸಿಂಬಿ ಜಾರುತ್ತಿತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಮುಂದೆ ಅತ್ತೆಯ ಕತ್ತಿನ ನರ ಎದ್ದಿತ್ತು. ಪಕ್ಕದ ಕಂಚಿನ ಕತ್ತಿನಲ್ಲೂ ಅದೇ ನರ. ಒಂದು ಮಾತ್ರ ನಡುಗುತ್ತಿತ್ತು.

ಕಾರಂಜಿ ಬಡವರ ಸಂಗೀತ ಎಂದು ಅವರು ಹೇಳುತ್ತಿದ್ದಾಗ ಅತ್ತೆ ನಡೆದರು.

ಓಡಲಿಲ್ಲ. ಕೂಗಲಿಲ್ಲ. ಭಂಗಿ ಬಿಟ್ಟು, ಕಲ್ಲಿನ ಹತ್ತಿರ ಹೋದರು. ಮಖಮಲ್ಲಿನ ಹಗ್ಗವನ್ನು ಕಾಲಿನಿಂದ ಬದಿಗೆ ಸರಿಸಿದರು. ಸೊಂಟದ ಕೊಡವನ್ನು ಚಪ್ಪಡಿಯ ಗುಳಿಯಲ್ಲಿ ಇಳಿಸಿದರು. ಕೊಡ ಕೂತಿತು. ಅಲ್ಲಾಡಲಿಲ್ಲ. ಆ ಸದ್ದು ನಮಗೆಲ್ಲ ಗೊತ್ತಿದ್ದ ಸದ್ದು. ವರ್ಷದಿಂದ ಕೇಳಿರಲಿಲ್ಲ.

ಅಧ್ಯಕ್ಷರ ಮಾತು ನಿಂತಿತು. ಕಲಾವಿದರು ವೇದಿಕೆಯಿಂದ ಇಳಿದು ಬಂದು, ನಗು ಕೆಡದಂತೆ ಹಲ್ಲಿನ ಸಂದಿಯಲ್ಲಿ ಹೇಳಿದರು.

“ಅಮ್ಮಾ, ಅದನ್ನ ಮುಟ್ಟಬಾರದು. ಅದು ಕಲಾಕೃತಿ.”

“ಗೊತ್ತು ಸ್ವಾಮಿ,” ಎಂದರು ಅತ್ತೆ. “ಮಾಡಿದ್ದು ನಾವೇ.”

ಆಮೇಲೆ ಕೊಡವನ್ನು ಮತ್ತೆ ಸೊಂಟಕ್ಕೆ ಎತ್ತಿಕೊಂಡು ನಮ್ಮ ಕಡೆ ತಿರುಗಿದರು. ಒಂದೇ ಮಾತು. ಎತ್ರೇ.

ನಾವು ಕೊಡ ಇಳಿಸಿದೆವು. ಬಟನ್ ಅಕ್ಕ ತಲೆಯ ಸಿಂಬಿ ಬಿಚ್ಚಿ ಹಾಸಿದಳು. ಎಲ್ಲರ ಸಿಂಬಿ ಬಿಚ್ಚಿ, ಒಂದಕ್ಕೊಂದು ಗಂಟು ಹಾಕಿ, ಚಪ್ಪಡಿಯ ಅಡಿಗೆ ತೂರಿಸಿದೆವು. ಭಾರ ಹೊರುವುದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಗಲು ಕೊಟ್ಟೆವು. ಕಲ್ಲು ಎದ್ದಿತು. ಬೆನ್ನಿನ ಮೂಳೆ ಲಟಕ್ಕೆಂದಿತು, ಯಾರದ್ದೋ, ನನ್ನದೇ ಇರಬೇಕು. ಉಳಿದವರು ನಮ್ಮ ಕೊಡಗಳನ್ನೂ ಸೇರಿಸಿ ಹೊತ್ತುಕೊಂಡರು. ಒಂದು ಹನಿ ತೊಟ್ಟಿಗೆ ಹಾಕಲಿಲ್ಲ. ಅತ್ತೆ ಮುಂದೆ, ಕಲ್ಲು ನಡುವೆ, ನೀರು ಹಿಂದೆ.

ಸೀಟಿ ಊದತೊಡಗಿದ. ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ಬರುವಂತೆ ಊದಿದ. ಜನ ಅದನ್ನು ಹಿನ್ನೆಲೆ ಸಂಗೀತ ಎಂದುಕೊಂಡರು. ಅದರ ತಾಳಕ್ಕೇ ಚಪ್ಪಾಳೆ ಬಿತ್ತು. ಅಧ್ಯಕ್ಷರು ಎದ್ದು ನಿಂತರು, ಸಭೆ ಎದ್ದು ನಿಂತಿತು. ನೆನಪನ್ನು ಜನರಿಗೇ ಮರಳಿಸುವುದು, ಇದಲ್ಲವೇ ಕಲೆ ಎಂದು ಅವರು ಮೈಕಿನಲ್ಲಿ ಹೇಳುತ್ತಿದ್ದರು. ಕಲಾವಿದರು ಕೂಡ ಚಪ್ಪಾಳೆ ತಟ್ಟುತ್ತಿದ್ದರು. ಮತ್ತೇನು ಮಾಡಿಯಾರು? ಕಲ್ಪನೆ ಅವರದೇ. ಕಾವಲಿನವನು ಬೇಲಿ ಸರಿಸಿ, ನನ್ನ ಹೆಗಲು ತಾಗದಂತೆ ಲಾಠಿಯನ್ನು ಹಿಂದಕ್ಕೆ ಎಳೆದುಕೊಂಡ.

ಓಣಿಯ ಬಾಯಲ್ಲಿ, ಗೋಡೆಯ ಬುಡಕ್ಕೆ ಕಲ್ಲು ಇಳಿಸಿದೆವು. ಅಷ್ಟರಲ್ಲಿ ಚೌಕದಲ್ಲಿ ಅಧ್ಯಕ್ಷರು ಗುಂಡಿ ಒತ್ತಿದರು. ಪಂಪು ಕೆಮ್ಮಿತು, ಗೊರಕೆ ಹೊಡೆಯಿತು, ಕಂಚಿನ ಕೊಡದಿಂದ ಗಾಳಿ ಬಂತು. ಮೌನವಾದ ಕಾರಂಜಿ, ಎಂಥ ಟೀಕೆ, ಎಂದರಂತೆ ಅವರು.

ಮಾರನೆಯ ದಿನ ಕಲಾವಿದರು ಓಣಿಗೆ ಬಂದರು. ಅತ್ತೆ ಚಪ್ಪಡಿಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಕಲ್ಲು ವಾಪಸು ಬೇಕೆಂದು ಅವರು ಬಂದಿರಲಿಲ್ಲ. ಅದನ್ನು ಕೇಳುವ ಬಾಯಿ ಅವರಿಗೆ ಇರಲಿಲ್ಲ. ಕೃತಿ ಜನರ ನಡುವೆ ಹೇಗಿದೆ ಎಂದು ನೋಡಲು ಅಧ್ಯಕ್ಷರು ಫೋಟೋದವರನ್ನು ಕರೆದುಕೊಂಡು ಮತ್ತೆ ಬರುತ್ತಾರಂತೆ. ಆದ್ದರಿಂದ ಕಲ್ಲಿನ ಮೇಲೆ, ಗೋಡೆಗೆ, ಒಂದು ಹಿತ್ತಾಳೆಯ ನಲ್ಲಿ ಕೂರಿಸಿದರೆ ಕೃತಿ ಪೂರ್ಣವಾಗುತ್ತದೆ ಎಂದರು.

ನೀರು ಬರುತ್ತದೆಯೇ ಎಂದು ಅತ್ತೆ ಕೇಳಿದರು.

ಅದು ಸಂಕೇತ ಎಂದರು ಕಲಾವಿದರು.

ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ಸರಿ. ಅವರು ಬಂದಾಗ ನನ್ನನ್ನೂ ಮಾತಾಡಿಸ್ತಾರೆ, ಅಲ್ವಾ. ಕಲ್ಲು ಎತ್ತೋವಾಗ ಆ ಸೀಟಿಯವನು ಯಾಕೆ ಹಂಗೆ ಊದಿದ ಅಂತ ಕೇಳಿದ್ರೆ ಏನು ಹೇಳ್ಲಿ ಸ್ವಾಮಿ?”

ಕಲಾವಿದರು ನಕ್ಕರು. ನಿಮ್ಮ ಮಾತು ಯಾರು ನಂಬುತ್ತಾರೆ ಅಮ್ಮಾ ಎಂದರು. ಹೌದಲ್ಲ, ಎಂದರು ಅತ್ತೆ. ನಮ್ಮ ಮಾತು ಯಾರೂ ನಂಬಲ್ಲ. ಕಾವಲಿನವನನ್ನು ಕೇಳ್ತಾರೆ. ಟ್ಯಾಂಕರ್ ಡ್ರೈವರನ್ನು ಕೇಳ್ತಾರೆ. ಸೀಟಿಯನ್ನೇ ಕೇಳ್ತಾರೆ, ಅವನಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಇದೆಯೋ ನೋಡೋಣ.

ಕಲಾವಿದರ ನಗು ಸ್ವಲ್ಪ ಹೊತ್ತು ಮುಖದ ಮೇಲೇ ಉಳಿದಿತ್ತು, ಇಳಿಸಲು ಮರೆತವರ ಹಾಗೆ. ಕಣ್ಣಲ್ಲಿ ನೀರು ಬಂದಿತ್ತು. ಈರುಳ್ಳಿಯದೇ ಇರಬೇಕು.

ಪ್ಲಂಬರು ಬಂದ. ಕಾರಂಜಿಗೆ ತಿರುಗಿಸಿದ್ದ ಕೊಳವೆಯನ್ನು ಕೊಯ್ದು ಗೋಡೆಗೆ ತಂದ. ಬೇರೆ ದಾರಿ ಇರಲಿಲ್ಲ, ಇದ್ದದ್ದು ಒಂದೇ ಕೊಳವೆ. ನಲ್ಲಿಯ ಪಕ್ಕ ಕಲಾವಿದರ ಹೆಸರಿನ ಫಲಕವನ್ನೂ ಜಡಿದ. ಅತ್ತೆ ಅದರ ಮೊಳೆಗೆ ಕೊಡ ಒರೆಸುವ ಬಟ್ಟೆ ನೇತುಹಾಕಿದರು. ಅಧ್ಯಕ್ಷರು ಬಂದರು, ನೀರು ಹಿಡಿಯುವ ಸಾಲನ್ನು ನೋಡಿ ತಲೆದೂಗಿದರು, ಸಾಲು ಬಹಳ ಸಹಜವಾಗಿದೆ ಎಂದರು, ಹೋದರು. ಸಾಲು ಅಲ್ಲೇ ಇತ್ತು.

ನನ್ನ ಕೆಲಸ ಹೋಯಿತು, ಅತ್ತೆಯದೂ. ಒಣ ತೊಟ್ಟಿಯಲ್ಲಿ ಪಾಚಿ ಕಟ್ಟುವುದಿಲ್ಲ. ಬಟ್ಟೆ ಹಿಂಡುವ ಕೆಲಸವೂ ತಪ್ಪಿತು. ಈಗ ನಾನು ಬಟನ್ ಅಕ್ಕನ ಜೊತೆ ಕೂತು ಗುಂಡಿ ಹೊಲಿಯುತ್ತೇನೆ. ಬೆರಳಿಗೆ ಸೂಜಿ ಚುಚ್ಚುತ್ತದೆ. ಬೈಯುತ್ತೇನೆ. ಎದ್ದು ಹೋಗಿ ನಲ್ಲಿಗೆ ಬೆರಳು ಹಿಡಿಯುತ್ತೇನೆ.

ಮೊನ್ನೆ ಮಧ್ಯಾಹ್ನ ನಾವು ಮೂವರೂ ಕಲ್ಲಿನ ಹತ್ತಿರ ಇದ್ದೆವು. ಕೊಡ ತುಂಬುತ್ತಿತ್ತು. ಚೌಕದಲ್ಲಿ ಕಂಚಿನವಳು ಬಿಸಿಲಲ್ಲಿ ಒಬ್ಬಳೇ ನಿಂತಿದ್ದಳು. ಕೊಡ ವಾಲಿಸಿಕೊಂಡೇ ಇದ್ದಳು, ಏನೂ ಬೀಳುತ್ತಿರಲಿಲ್ಲ. ಅವಳ ಕೊಡದ ಬಾಯಲ್ಲಿ ಒಂದು ಕಾಗೆ ಕೂತಿತ್ತು. ಬಟನ್ ಅಕ್ಕನಿಗೆ ಅಯ್ಯೋ ಅನಿಸಿತು. ಮುಖ ನಮ್ಮ ಓಣಿಯದೇ ಅಲ್ವಾ, ಅವಳಿಗೂ ಒಂದು ಕೊಡ ನೀರು ಹಾಕಿ ಬರೋಣವಾ ಎಂದಳು.

ಅತ್ತೆ ತುಂಬಿದ ಕೊಡವನ್ನು ಮಂಡಿಗೆ ಏರಿಸಿ, ಸೊಂಟಕ್ಕೆ ಎಳೆದುಕೊಂಡರು.

“ಬೇಡ. ಚೆಲ್ತಾಳೆ.”